ಮಿನಿಗೆ 1.5 ರಾಕರ್: ಗೇಜ್ ಹೇಳಿದ ಸುಳ್ಳು

ನನ್ನ 1275 ಸಿಸಿ ಮಿನಿ ಕಾರಿನ ಎ-ಸೀರೀಸ್ ಎಂಜಿನ್‌ಗೆ ಹಳೇ ರಾಕರ್ (ಪುಶ್‌ರಾಡ್ ಎಂಬ ಕಡ್ಡಿ ಒಂದು ತುದಿಯನ್ನು ಎತ್ತಿದಾಗ ಇನ್ನೊಂದು ತುದಿಯಿಂದ ವಾಲ್ವನ್ನು ಒತ್ತಿ ತೆರೆಯುವ ಸನ್ನೆ) ತೆಗೆದು 1.5 ಅನುಪಾತದ್ದು, ಅಂದರೆ ಪುಶ್‌ರಾಡ್ ಏರಿದ್ದರ ಒಂದೂವರೆ ಪಟ್ಟು ವಾಲ್ವನ್ನು ಒತ್ತುವಂಥದ್ದು, ಕೂರಿಸಿದೆ. ಮೂಲದ್ದು ಸುಮಾರು 1.25. ಕ್ಯಾಮ್ (ತಿರುಗುವ ಉಬ್ಬು) ಪುಶ್‌ರಾಡನ್ನು ಎತ್ತುವುದು 6.35 ಮಿಮೀ. ಒಂದೂವರೆ ಪಟ್ಟು ಅಂದರೆ 9.5, ಅದರಲ್ಲಿ ವಾಲ್ವ್ ಕ್ಲಿಯರೆನ್ಸ್, ಅಂದರೆ ರಾಕರ್ ಮತ್ತು ವಾಲ್ವ್ ನಡುವೆ ಬಿಡುವ ಸಂದು, 0.30 ಕಳೆದರೆ ವಾಲ್ವ್ ತೆರೆಯಬೇಕಾದದ್ದು 9.2. ಆದರೆ ವಾಲ್ವ್ ಚಲನೆ ಅಳೆಯಲು ಇಟ್ಟ ಡಯಲ್ ಗೇಜ್ ತೋರಿಸಿದ್ದು 9.7!

ಹೆಚ್ಚು ಬಂತೆಂದು ಖುಷಿಪಡುವ ವಿಷಯವಲ್ಲ ಇದು. ಲೆಕ್ಕ ಮೀರಿದ ಲಿಫ್ಟ್ (ವಾಲ್ವ್ ತೆರೆಯುವ ಅಳತೆ) ಎಲ್ಲಿಂದ ಬರಬೇಕು? ಎರಡು ಸಂಜೆ ತಲೆ ಕೆಡಿಸಿಕೊಂಡ ಮೇಲೆ ಪಕ್ಕದಿಂದ ಬಗ್ಗಿ ನೋಡಿದೆ. ಗೇಜಿನ ಕಡ್ಡಿ ವಾಲ್ವ್ ಕಾಂಡಕ್ಕೆ ಸಮಾನಾಂತರವಾಗಿರಲಿಲ್ಲ, ಸುಮಾರು 20 ಡಿಗ್ರಿ ವಾಲಿತ್ತು. ಓರೆ ನಿಂತ ಗೇಜ್ ಇದ್ದದ್ದಕ್ಕಿಂತ ಹೆಚ್ಚೇ ಓದುತ್ತದೆ. ನೆಟ್ಟಗೆ ನಿಲ್ಲಿಸಿದಾಗ 9.1 ಬಂತು. ಅದಕ್ಕೆ ಕ್ಲಿಯರೆನ್ಸ್ 0.30 ಸೇರಿಸಿ 6.35ರಿಂದ ಭಾಗಿಸಿದರೆ ನಿಜವಾದ ಅನುಪಾತ 1.48, ನನಗೆ ಅಷ್ಟು ಸಾಕು.

ಅಳತೆಗಾಗಿ ಎಂಜಿನ್ನನ್ನು ಕೈಯಲ್ಲಿ ತಿರುಗಿಸುವಾಗ ಒಂದು ಪುಶ್‌ರಾಡ್ ಹೆಡ್‌ನಲ್ಲಿ (ಎಂಜಿನ್ನಿನ ಮೇಲಿನ ಭಾಗ) ತಾನು ಹಾದುಹೋಗುವ ತೂತಿಗೆ ಉಜ್ಜಿದ ಗುರುತೂ ಕಂಡಿತು. ಅನುಪಾತ ಹೆಚ್ಚಿಸಲು ರಾಕರಿನ ಪುಶ್‌ರಾಡ್ ಕಡೆಯ ತೋಳನ್ನು ಗಿಡ್ಡ ಮಾಡಿರುತ್ತಾರೆ, ಹಾಗಾಗಿ ರಾಡ್ ರಾಕರ್ ಕೂರುವ ಶಾಫ್ಟಿನತ್ತ ಸರಿಯುತ್ತದೆ. ಹೆಡ್ ಬಿಚ್ಚಿಯೇ ತೂತನ್ನು ಅರದಿಂದ ಸ್ವಲ್ಪ ಉದ್ದ ಮಾಡಿದೆ. ದಯವಿಟ್ಟು ಹೆಡ್ ಎಂಜಿನ್ ಮೇಲಿರುವಾಗ ಉಜ್ಜಬೇಡಿ, ಕಬ್ಬಿಣದ ಪುಡಿ ನೇರ ಕೆಳಗಿಳಿಯುತ್ತದೆ.

ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗ್ ಸುರುಳಿಗಳು ಒಂದಕ್ಕೊಂದು ತಾಗಿ ಕೂರಬಾರದು, ಅದನ್ನೂ ನೋಡಿದೆ. ಕೊನೆಗೆ ಒಂಬತ್ತರ ಲೆಕ್ಕದಲ್ಲಿ (ಎರಡು ವಾಲ್ವ್‌ಗಳ ಸಂಖ್ಯೆ ಕೂಡಿದರೆ ಒಂಬತ್ತು) ಕ್ಲಿಯರೆನ್ಸ್ ಇಟ್ಟೆ: ಎಂಟನೆಯ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದು, ಆರನೆಯದು ತೆರೆದಾಗ ಮೂರನೆಯದು, ಹೀಗೆ. ಮರುದಿನ ಏರು ದಾರಿಯಲ್ಲಿ ಮೂರನೇ ಗೇರಿನಲ್ಲೇ ಎಳೆದುಕೊಂಡು ಹೋಯಿತು.