ಪ್ರೆಸ್ ಮಷಿನ್ ಇಲ್ಲದೆ ವೀಲ್ ಬೇರಿಂಗ್ ಹಾಕಿದ್ದು: ನನ್ನ ಅನುಭವ

ನಕಲ್ (ಬೇರಿಂಗ್ ಕೂರುವ, ಚಕ್ರದ ಹಿಂದಿನ ಲೋಹದ ಭಾಗ) ಬಿಚ್ಚದೆ, ಒತ್ತಿ ಕೂರಿಸೋ ಪ್ರೆಸ್ ಇಲ್ಲದೆ ಸ್ವಿಫ್ಟ್ ಕಾರಿನ ಮುಂಚಕ್ರದ ಬೇರಿಂಗ್ ಕೂರಲ್ಲ ಅಂತ ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಕೇಳಿದವರೆಲ್ಲ ನಕ್ಕಿದ್ದರು. ಕೂತಿದೆ. ಒಂದು ಮಳೆಗಾಲ ಕಳೆಯಿತು, ಗದಗ, ಕಾರವಾರ ಅಂತ ಎಂಟೊಂಬತ್ತು ಸಾವಿರ ಕಿಲೋಮೀಟರ್ ಓಡಿರಬೇಕು, ಸದ್ದಿಲ್ಲ.

ಮೊದಲು ಒಂದು ಗ್ಯಾರೇಜಿನಲ್ಲಿ ಐದು ಸಾವಿರದ ಹತ್ತಿರ ಕೊಟ್ಟು ಹಾಕಿಸಿದ್ದೆ. ಸುತ್ತಿಗೆಯಲ್ಲೇ ಬಡಿದು ಕೂರಿಸಿದರು. ಏಟು ಒಳಗಿನ ಬಾಲ್‌ಗಳ ಮೂಲಕ ಹೋದರೆ ರೇಸ್ (ಬಾಲ್ ಉರುಳುವ ಉಕ್ಕಿನ ಬಳೆ) ಮೇಲೆ ಗುಳಿ ಬೀಳುತ್ತೆ, ಆಮೇಲೆ ಎಂಥ ಕಂಪನಿ ಮಾಲಾದರೂ ಬಾಳಲ್ಲ. ಮೂರ್ನಾಲ್ಕು ತಿಂಗಳಿಗೆ ಮತ್ತೆ ಗುಂಯ್ ಅನ್ನೋಕೆ ಶುರು.

ಬೈಪಾಸ್ ಮೇಲೆ ಅರವತ್ತರಲ್ಲಿ ಸ್ಟೇರಿಂಗ್ ಸ್ವಲ್ಪ ಬಲಕ್ಕೆ ಎಳೆದರೆ ಸದ್ದು ಜಾಸ್ತಿ, ಎಡಕ್ಕೆ ಎಳೆದರೆ ಕಡಿಮೆ. ಅಂದರೆ ಎಡಗಡೆಯದೇ, ಭಾರ ಆ ಕಡೆ ಬೀಳುತ್ತಲ್ವಾ. ಜಾಕ್ ಹಾಕಿ ಕಾಯಿಲ್ ಸ್ಪ್ರಿಂಗ್ ಮೇಲೆ ಬೆರಳಿಟ್ಟು ಚಕ್ರ ತಿರುಗಿಸಿದರೆ ಗರಗರ ಗೊತ್ತಾಗುತ್ತಿತ್ತು. ಪ್ಲೇ, ಅಂದರೆ ಚಕ್ರದ ಅಲುಗಾಟ, ಮಾತ್ರ ಚೂರೂ ಇರಲಿಲ್ಲ. ಪ್ಲೇ ಇಲ್ಲ ಅಂದರೆ ಬೇರಿಂಗ್ ಸರಿ ಇದೆ ಅನ್ನೋರ ಮಾತು ಕೇಳಬೇಡಿ.

ನನ್ನ ವಿಧಾನ ಸರಳ. ಉದ್ದದ ಥ್ರೆಡ್ ರಾಡ್, ಎರಡು ಬದಿಗೂ ಲೇತ್‌ನಲ್ಲಿ ಮಾಡಿಸಿದ ಕಪ್, ನಟ್ ಬಿಗಿ ಮಾಡುತ್ತಾ ಎಳೆಯೋದು. ಹಾರ್ಡ್‌ವೇರ್ ಅಂಗಡಿಯ ಸಾದಾ ರಾಡ್ ಥ್ರೆಡ್ ಹಾರಿಸಿಕೊಂಡಿತು, ಹಳೇ ಬೇರಿಂಗ್ ಅರ್ಧ ದಾರಿಯಲ್ಲಿ ನಿಂತಿತು, 350 ರೂಪಾಯಿ ನೀರಿಗೆ. ತಾರಿಹಾಳದಲ್ಲಿ ಗಟ್ಟಿಯಾದ ಹೈ ಟೆನ್ಸಿಲ್ ರಾಡ್ ಸಿಕ್ಕಿತು, 900ರ ಆಸುಪಾಸು. ನಟ್ ಕೆಳಗೆ ಒತ್ತಡ ತಡೆದು ತಿರುಗೋ ಸಣ್ಣ ಥ್ರಸ್ಟ್ ಬೇರಿಂಗ್ ಇಟ್ಟ ಮೇಲೆ ಸ್ಪ್ಯಾನರ್ ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ತಿರುಗಿತು.

ಹೊಸ ಬೇರಿಂಗ್ ರಾತ್ರಿಯಿಡೀ ಫ್ರೀಜರ್‌ನಲ್ಲಿ, ಕವರ್ ಸಮೇತ. ಮನೆಯಲ್ಲಿ ಬೈಸಿಕೊಂಡಿದ್ದು ಬೇರೆ. ನಲವತ್ತು ಡಿಗ್ರಿ ಇಳಿದರೆ ಹೊರಗಿನ ಅಳತೆ ಮಿಲಿಮೀಟರಿನ ನೂರರಲ್ಲಿ ಮೂರು ಭಾಗದಷ್ಟು ಕುಗ್ಗುತ್ತೆ, ಅಷ್ಟೇ ಸಾಕು. ಹಳೇ ಬೇರಿಂಗ್ ಒಂದನ್ನ ಐಸು-ಉಪ್ಪಿನಲ್ಲಿ ಇಟ್ಟೂ ನೋಡಿದೆ. ಕುಗ್ಗಿತು, ಜೊತೆಗೆ ತುಕ್ಕು ಹಿಡಿಯಿತು, ಬೇಡ. ನಕಲ್ ಹಿಗ್ಗಿಸೋಕೆ ಹೀಟ್ ಗನ್ ಸಾಕು, ಗ್ಯಾಸ್ ಬೆಂಕಿ ಹಿಡಿಯಬೇಡಿ.

ನಕಲ್‌ಗೆ ಎಳೆಯುವಾಗ ಒತ್ತಡ ಹೊರ ರೇಸ್ ಮೇಲೆ ಮಾತ್ರ. ಹಬ್ (ಚಕ್ರ ಬೋಲ್ಟ್ ಆಗೋ ಭಾಗ) ಬೇರಿಂಗ್ ಒಳಗೆ ಎಳೆಯುವಾಗ ಒಳ ರೇಸ್‌ಗೆ ಆಧಾರ. ಎಬಿಎಸ್ ಬ್ರೇಕ್ ಇರೋ ಗಾಡಿಯಾದರೆ ಬೇರಿಂಗ್‌ನ ಮ್ಯಾಗ್ನೆಟ್ ಇರೋ ಮುಖ ಚಕ್ರದ ವೇಗ ಓದೋ ಸೆನ್ಸರ್ ಕಡೆ ಬರಬೇಕು, ಜೆಮ್ ಕ್ಲಿಪ್ ಹಿಡಿದರೆ ತಿಳಿಯುತ್ತೆ. ಹಬ್‌ಗೆ ಅಂಟಿಕೊಂಡ ಹಳೇ ಒಳ ರೇಸ್‌ನ ಎಲ್ಲರೂ ಗ್ರೈಂಡರ್‌ನಲ್ಲಿ ಕೊಯ್ಯುತ್ತಾರೆ. ನಾನು ಗ್ರೈಂಡರ್ ಮುಟ್ಟಲೇ ಇಲ್ಲ, ಹೇಗೆ ಅಂತ ಸದ್ಯ ಹೇಳಲ್ಲ. ಕಪ್ ಅಳತೆಯೂ ನನ್ನ ಹತ್ತಿರವೇ ಇರಲಿ. ಆಕ್ಸಲ್ ನಟ್ ಹೊಸದು, ಟಾರ್ಕ್ ಮ್ಯಾನುಯಲ್ ನೋಡಿ.

ಬೇರಿಂಗ್ 1,600, ಲೇತ್ ಕೂಲಿ 1,100, ರಾಡು ಸೇರಿಸಿ ನಾಲ್ಕು ಸಾವಿರದ ಒಳಗೆ. ಬಲಗಡೆಗೆ ಇನ್ನು ಬೇರಿಂಗ್ ದುಡ್ಡು ಅಷ್ಟೇ.

ಹಳೇದನ್ನ ಸೀಮೆಎಣ್ಣೆಯಲ್ಲಿ ತೊಳೆದು ಬಿಚ್ಚಿದೆ. ರೇಸ್ ತುಂಬ ಗುಳಿ, ಒಂದು ಸೀಲ್ ಒಳಗೆ ಎರೆಮಣ್ಣಿನ ಕೆಸರು. ವಾಷಿಂಗ್ ಹುಡುಗರು ಪ್ರೆಷರ್ ಗನ್‌ನ ನೇರ ಹಬ್‌ಗೇ ಹಿಡಿಯುತ್ತಾರಲ್ಲ, ಈಗ ಪಕ್ಕದಲ್ಲೇ ನಿಂತು ಬೇಡ ಅನ್ನುತ್ತೇನೆ.