ಕಂದು ಬಣ್ಣದ ಮೇಲೆ ಕಂದು ಬಣ್ಣ

ಪಾರ್ಕಿನ್ಸನ್ಸ್ ಇದ್ದವರ ಮೆದುಳಿನಲ್ಲಿ ಉರಿಯೂತ ಎಷ್ಟಿದೆ ಅಂತ ಎಣಿಸಲು ಹೋಗಿ, ಎರಡು ವಾರ ನಾನು ಬೇರೇನನ್ನೋ ಎಣಿಸಿದ್ದೆ. ಆ ತಪ್ಪನ್ನು ಸರಿಮಾಡುವಾಗಲೇ ಈ ಕಾಯಿಲೆಯ ಒಂದು ಮುಖ್ಯ ಸಂಗತಿ ಕಣ್ಣಿಗೆ ಬಿತ್ತು.

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮೆದುಳಿನ ತೆಳುವಾದ ಸೆಕ್ಷನ್‌ಗಳನ್ನು ಗಾಜಿನ ಮೇಲೆ ಕೂರಿಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುವುದು ನನ್ನ ಕೆಲಸ. ನಡುಮೆದುಳಿನ ಎರಡೂ ಕಡೆ ಒಂದೊಂದು ಕಪ್ಪು ಪಟ್ಟಿ ಇರುತ್ತದೆ. ಸಬ್‌ಸ್ಟಾನ್ಷಿಯಾ ನೈಗ್ರಾ ಅಂತ ಹೆಸರು. ಮೈ ಸರಾಗವಾಗಿ ಆಡಲು ಬೇಕಾದ ಡೋಪಮೈನ್ ಅನ್ನುವ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ಇರುವುದು ಅಲ್ಲಿ. ಪಾರ್ಕಿನ್ಸನ್ಸ್ ಆದವರಲ್ಲಿ ಆ ಕೋಶಗಳು ಸಾಯುತ್ತಾ ಹೋಗುತ್ತವೆ. ಪಟ್ಟಿ ಮಾಸುತ್ತದೆ, ತುಂಬಾ ಸಲ ಒಗೆದ ಕಪ್ಪು ಬಟ್ಟೆಯ ಹಾಗೆ. ಬರಿಗಣ್ಣಿಗೇ ಗೊತ್ತಾಗುತ್ತದೆ.

ಉರಿಯೂತ ಅಂದ ತಕ್ಷಣ ಕೆಂಪಗೆ ಊದಿಕೊಂಡ ಗಾಯ ನೆನಪಾಗುತ್ತೆ ಅಲ್ವಾ? ಮೆದುಳಿನಲ್ಲಿ ಅದು ಹಾಗೆ ಕಾಣುವುದಿಲ್ಲ. ಅಲ್ಲಿ ಮೈಕ್ರೋಗ್ಲಿಯಾ ಅನ್ನುವ ಕಾವಲು ಕೋಶಗಳಿವೆ. ಸುಮ್ಮನಿದ್ದಾಗ ಅವು ಸಣ್ಣ ಒಡಲು, ತೆಳ್ಳನೆಯ ಕವಲುಗಳು, ಎಲೆ ಉದುರಿದ ಪೊದೆಯಂತೆ ಇರುತ್ತವೆ. ಕೆರಳಿದರೆ ಕವಲುಗಳು ಗಿಡ್ಡವಾಗಿ ದಪ್ಪಗಾಗುತ್ತವೆ, ಒಡಲು ಉಬ್ಬುತ್ತದೆ. ಕೊನೆಗೆ ಉಂಡೆಯಾಗುತ್ತವೆ. ಆಗ ಅವುಗಳ ಮೈಮೇಲೆ ಎಚ್‌ಎಲ್‌ಎ-ಡಿಆರ್ ಅನ್ನುವ ಪ್ರೋಟೀನ್ ಜಾಸ್ತಿಯಾಗುತ್ತದೆ. 1988ರಲ್ಲಿ ಕೆನಡಾದ ಮೆಕ್‌ಗೀರ್ ದಂಪತಿ ಮತ್ತು ಜೊತೆಗಾರರು ಪಾರ್ಕಿನ್ಸನ್ಸ್ ರೋಗಿಗಳ ಸಬ್‌ಸ್ಟಾನ್ಷಿಯಾ ನೈಗ್ರಾದಲ್ಲಿ ಇಂಥ ಕೋಶಗಳು ತುಂಬಿರುವುದನ್ನು ತೋರಿಸಿದ್ದರು. ನಾನು ಹುಡುಕುತ್ತಿದ್ದುದೂ ಇದನ್ನೇ.

ಮಾಡುವ ರೀತಿ ಹೇಳುತ್ತೇನೆ. ಸೆಕ್ಷನ್‌ಗಳನ್ನು ಸಿಟ್ರೇಟ್ ದ್ರಾವಣದಲ್ಲಿ ಬಿಸಿ ಮಾಡಬೇಕು. ಆ ಪ್ರೋಟೀನಿಗೆ ಅಂಟುವ ಆಂಟಿಬಾಡಿ ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿ ಇಡಬೇಕು. ಮರುದಿನ ಅದರ ಮೇಲೆ ಎರಡನೇ ಆಂಟಿಬಾಡಿ, ಕೊನೆಗೆ ಬಣ್ಣ. ನಮ್ಮಲ್ಲಿ ರೂಢಿಯ ಬಣ್ಣ ಡ್ಯಾಬ್. ಗುರಿ ಸಿಕ್ಕ ಕಡೆಯೆಲ್ಲ ಕಂದು ಬಣ್ಣ ಬರುತ್ತದೆ.

ತಪ್ಪಿದ್ದು ಇಲ್ಲೇ. ಸಬ್‌ಸ್ಟಾನ್ಷಿಯಾ ನೈಗ್ರಾದ ನರಕೋಶಗಳಲ್ಲಿ ನ್ಯೂರೋಮೆಲನಿನ್ ಅನ್ನುವ ವರ್ಣವಸ್ತು ಇದೆ. ಪಟ್ಟಿ ಕಪ್ಪಗೆ ಕಾಣುವುದೇ ಅದರಿಂದ. ಮೈಕ್ರೋಸ್ಕೋಪಿನಲ್ಲಿ ಅದು ಕಪ್ಪಲ್ಲ, ಕಂದು. ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟದ ಹಾಗೆ ಕಾಳು ಕಾಳಾಗಿ ಇರುತ್ತದೆ. ನನ್ನ ಬಣ್ಣವೂ ಕಂದು. ನಾನು ಕಂದು ಕಂಡ ಉಂಡೆಗಳನ್ನೆಲ್ಲ ಕೆರಳಿದ ಮೈಕ್ರೋಗ್ಲಿಯಾ ಅಂತ ಬರೆದುಕೊಂಡೆ. ಸಂಖ್ಯೆ ಬಹಳ ಚೆನ್ನಾಗಿ ಬಂತು. ಕಂಟ್ರೋಲ್ ಸ್ಲೈಡ್, ಅಂದರೆ ಹೋಲಿಸಿ ನೋಡಲು ಮೊದಲ ಆಂಟಿಬಾಡಿ ಹಾಕದೆ ಇಟ್ಟ ಸ್ಲೈಡ್, ಸ್ವಚ್ಛವಾಗಿತ್ತು. ಹಾಗಾಗಿ ಅನುಮಾನವೇ ಬರಲಿಲ್ಲ.

"ಕಂಟ್ರೋಲ್ ಎಲ್ಲಿಂದ ತಗೊಂಡೆ?" ಅಂತ ಸೀನಿಯರ್ ಕೇಳಿದಾಗಲೇ ನನಗೆ ಹೊಳೆದದ್ದು. ಅದು ಮೆದುಳಿನ ಹೊರಪದರದ ಸೆಕ್ಷನ್. ಅಲ್ಲಿ ನ್ಯೂರೋಮೆಲನಿನ್ ಇರುವುದಿಲ್ಲ. ಸ್ವಚ್ಛವಾಗಿರದೆ ಇನ್ನೇನು?

ತುಂಬಾ ಬೇಜಾರಾಯಿತು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಬ್ಯಾಂಕ್ ಇದೆ. ಅಂಥ ಕಡೆ ಬರುವ ಒಂದೊಂದು ಮೆದುಳೂ ಸಾವಾದ ಮನೆಯವರು ಆ ದುಃಖದಲ್ಲೂ ಒಪ್ಪಿ ಕೊಟ್ಟಿದ್ದು. ಈ ಪಟ್ಟಿ ಬಹಳ ಚಿಕ್ಕದು, ಬರುವ ಸೆಕ್ಷನ್‌ಗಳೂ ಲೆಕ್ಕದ್ದೇ. ಹಾಳಾದ ಸೆಕ್ಷನ್ ಮತ್ತೆ ಸಿಗುವುದಿಲ್ಲ.

ಬಣ್ಣ ಬದಲಾಯಿಸಿದೆ. ಎಇಸಿ ಅನ್ನುವುದು ಕೆಂಪು ಬರುತ್ತದೆ. ಆದರೆ ಅದು ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಡ್ಯಾಬ್ ಹಾಕಿದ ಮೇಲೆ ಸ್ಲೈಡನ್ನು ಆಲ್ಕೋಹಾಲ್‌ನಲ್ಲಿ ಅದ್ದಿ, ಆಮೇಲೆ ಕ್ಸೈಲೀನ್‌ನಲ್ಲಿ ಅದ್ದಿ ಮುಚ್ಚುವುದು ವಾಡಿಕೆ. ಕೈ ಅದೇ ರೂಢಿಯಲ್ಲಿ ಹೋಯಿತು. ಮೊದಲ ಸ್ಲೈಡಿನ ಕೆಂಪೆಲ್ಲ ಕಣ್ಣೆದುರೇ ತೊಳೆದುಹೋಯಿತು. ಉಳಿದವನ್ನು ನೀರಿನಲ್ಲೇ ತೊಳೆದು, ಗ್ಲಿಸರಿನ್ ಜೆಲ್ಲಿ ಹಾಕಿ ಮುಚ್ಚಿದೆ. ಈ ಸಲ ಕಂಟ್ರೋಲ್ ಕೂಡ ಅದೇ ಮೆದುಳಿನ, ಅದೇ ಪಟ್ಟಿಯ ಪಕ್ಕದ ಸೆಕ್ಷನ್. ಜೊತೆಗೆ ಏನೂ ಬಣ್ಣ ಹಾಕದ ಇನ್ನೊಂದು. ಈ ಕೆಲಸಕ್ಕೆ ಬರುವ ಹುಡುಗರಿಗೆ ನಾನು ಮೊದಲು ತೋರಿಸುವುದು ಆ ಬಣ್ಣವಿಲ್ಲದ ಸ್ಲೈಡನ್ನೇ.

ಈಗ ಕೆಂಪು ಬೇರೆ, ಕಂದು ಬೇರೆ. ಸಂಖ್ಯೆ ಮೊದಲಿಗಿಂತ ತುಂಬಾ ಇಳಿಯಿತು. ಆದರೆ ಒಂದು ಜಾಗದಲ್ಲಿ ನನ್ನ ಕೈ ನಿಂತಿತು. ನರಕೋಶ ಸತ್ತು ಜಾಗ ಖಾಲಿಯಾಗಿತ್ತು. ಕಂದು ಕಾಳುಗಳು ಹೊರಗೆ ಚೆಲ್ಲಿದ್ದವು. ಪಕ್ಕದಲ್ಲೇ ಒಂದು ಕೆಂಪು ಕೋಶ, ಉಂಡೆಯಾಗಿ, ಹೊಟ್ಟೆಯೊಳಗೆ ಆರೇಳು ಕಂದು ಕಾಳು ತುಂಬಿಕೊಂಡು ಕೂತಿತ್ತು. ನಾನು ಎರಡು ವಾರ ಕಲಸಿಹಾಕಿದ್ದ ಎರಡು ವಸ್ತುಗಳು ನಿಜವಾಗಿಯೂ ಒಂದೇ ಕೋಶದೊಳಗೆ ಇದ್ದವು.

ಇದು ಬರೀ ಕಸ ಗುಡಿಸುವ ಕೆಲಸ ಅಲ್ಲ. ಚೆಲ್ಲಿದ ನ್ಯೂರೋಮೆಲನಿನ್ ಮೈಕ್ರೋಗ್ಲಿಯಾವನ್ನು ಕೆರಳಿಸುತ್ತದೆ ಅಂತ ಪ್ರಯೋಗಗಳು ತೋರಿಸಿವೆ. ಕೆರಳಿದ ಮೈಕ್ರೋಗ್ಲಿಯಾ ಹೊರಬಿಡುವ ರಾಸಾಯನಿಕಗಳು ಪಕ್ಕದ ನರಕೋಶಕ್ಕೆ ಪೆಟ್ಟು ಕೊಡುತ್ತವೆ. ಅದು ಸತ್ತರೆ ಇನ್ನಷ್ಟು ಕಾಳು ಚೆಲ್ಲುತ್ತದೆ. ಈ ಸುತ್ತು ವರ್ಷಗಟ್ಟಲೆ ನಡೆಯಬಹುದು ಅನ್ನುವುದಕ್ಕೆ ಒಂದು ಸುಳಿವಿದೆ. 1980ರ ದಶಕದ ಶುರುವಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಂಪಿಟಿಪಿ ಅನ್ನುವ ವಿಷ ಸೇರಿದ್ದ ಮಾದಕವಸ್ತು ಚುಚ್ಚಿಕೊಂಡ ಕೆಲವರಿಗೆ ಪಾರ್ಕಿನ್ಸನ್ಸ್‌ನಂಥ ಲಕ್ಷಣಗಳು ದಿಢೀರನೆ ಬಂದವು. ಅಂಥ ಮೂವರ ಮೆದುಳಿನ ಪರೀಕ್ಷೆಯನ್ನು ನರರೋಗ ವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಅವರ ತಂಡ 1999ರಲ್ಲಿ ಪ್ರಕಟಿಸಿತು. ವಿಷ ಸೇರಿ ವರ್ಷಗಳೇ ಕಳೆದಿದ್ದರೂ ಅಲ್ಲಿ ಮೈಕ್ರೋಗ್ಲಿಯಾ ಇನ್ನೂ ಕೆರಳಿಯೇ ಇತ್ತು. ಉರಿಯೂತ ಕಾಯಿಲೆಯನ್ನು ಶುರುಮಾಡುತ್ತದೆ ಅಂತ ನನ್ನ ಸ್ಲೈಡ್ ಹೇಳಲಾರದು. ಅದು ತೋರಿಸುವುದು ಕೊನೆಯ ದಿನದ ಚಿತ್ರ ಮಾತ್ರ. ಆದರೆ ಶುರುವಾದದ್ದನ್ನು ಮುಂದೆ ತಳ್ಳುವುದರಲ್ಲಿ ಅದರ ಕೈ ಇದೆ ಅಂತ ನಾನು ನಂಬುತ್ತೇನೆ.

ಹನುಮಂತನಗರದಲ್ಲಿರುವ ನಮ್ಮ ದೊಡ್ಡಪ್ಪನಿಗೂ ಇದೇ ಕಾಯಿಲೆ. "ಉರಿಯೂತ ಅಂತೀಯಲ್ಲ, ಮಂಡಿನೋವಿಗೆ ತಗೊಳ್ಳೋ ಮಾತ್ರೆ ನುಂಗಿದ್ರೆ ಆಯ್ತಲ್ವಾ?" ಅಂತ ಕೇಳಿದರು. ಬೇಡ ಅಂತ ಗಟ್ಟಿಯಾಗಿ ಹೇಳಿದೆ. ಐಬುಪ್ರೊಫೇನ್ ನುಂಗುವವರಲ್ಲಿ ಈ ಕಾಯಿಲೆ ಸ್ವಲ್ಪ ಕಡಿಮೆ ಅಂತ ಕೆಲವು ಅಧ್ಯಯನಗಳಲ್ಲಿ ಕಂಡಿದೆ, ನಿಜ. ಆದರೆ ಬಂದ ಕಾಯಿಲೆಯನ್ನು ಅದು ನಿಲ್ಲಿಸುತ್ತದೆ ಅಂತ ಸಾಬೀತಾಗಿಲ್ಲ. ದಿನಾ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಕಷ್ಟ. ಅದರ ಬದಲು ದೊಡ್ಡಮ್ಮನಿಗೆ ಒಂದು ಮಾತು ಹೇಳಿದೆ. ದೊಡ್ಡಪ್ಪ ಇದ್ದಕ್ಕಿದ್ದಂತೆ ಬಿಗಿಯಾದರೆ, ನಡೆಯಲು ಆಗದಿದ್ದರೆ, ಕಾಯಿಲೆಯೇ ಜಾಸ್ತಿಯಾಯಿತು ಅಂತ ಸುಮ್ನೆ ಕೂರಬೇಡಿ. ಮೂತ್ರದ ಸೋಂಕೋ ಹಲ್ಲಿನ ಸೋಂಕೋ ಇದೆಯಾ ಅಂತ ಡಾಕ್ಟರ ಹತ್ತಿರ ನೋಡಿಸಿ. ಕಳೆದ ಮಳೆಗಾಲದಲ್ಲಿ ಹಾಗೇ ಆಯಿತು. ಮೂತ್ರದ ಸೋಂಕು ವಾಸಿಯಾದ ಮೇಲೆ ದೊಡ್ಡಪ್ಪ ಮತ್ತೆ ಗೇಟಿನವರೆಗೆ ನಡೆದರು.

ಆಮೇಲೊಂದು ದಿನ ಆ ಕೆಂಪು ಕೋಶದ ಫೋಟೋ ತೋರಿಸಿದೆ. ಕೈ ನಡುಗಿ ಫೋನ್ ಅಲ್ಲಾಡುತ್ತಿತ್ತು. ಟೇಬಲ್ ಮೇಲಿಟ್ಟು, ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಇದರಲ್ಲಿ ಕಾವಲುಗಾರ ಯಾವುದು?" ಅಂದರು.

ಕೆಂಪಿನ ಮೇಲೆ ಬೆರಳಿಟ್ಟೆ. ತುಂಬಾ ಹೊತ್ತು ಅದನ್ನೇ ನೋಡುತ್ತಿದ್ದರು.