ಬೇಳೆ ಬೇಯದ ನೀರು: ನಮ್ಮ ಬೋರ್‌ವೆಲ್ ಪರೀಕ್ಷೆ ಮಾಡಿದ ಅನುಭವ

ತೊಗರಿ ಬೇಳೆ ಬೇಯದಿದ್ದರೆ ನಮ್ಮ ಕಡೆ ಮೊದಲು ಬೈಗುಳ ಬೀಳುವುದು ಬೇಳೆಗೆ. "ಹಳೇ ಬ್ಯಾಳಿ ಅದ, ಎಷ್ಟ್ ಕುದಿಸಿದ್ರೂ ಒಡಿಯಂಗಿಲ್ಲ" ಅಂತ ನಮ್ಮ ಅವ್ವನೂ ಅಂದಿದ್ದಳು. ಆದರೆ ಅದೇ ಬೇಳೆಯನ್ನು ಕ್ಯಾನ್ ನೀರಿನಲ್ಲಿ ಇಟ್ಟಾಗ ಚೆನ್ನಾಗಿ ಬೆಂದಿತು. ಬೋರ್ ನೀರಿನಲ್ಲಿ ಅಷ್ಟೇ ಸೀಟಿ ಹೊಡೆಸಿದರೂ ಬಿಡಿಬಿಡಿಯಾಗಿಯೇ ಉಳಿಯಿತು. 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಮೇಲೆ ಸಿಗುವ ಭೌಗೋಳಿಕ ಗುರುತು) ಪಡೆದ ಕಲಬುರಗಿ ತೊಗರಿ ಬೇಳೆಗೆ ಸುಮ್ನೆ ಕೆಟ್ಟ ಹೆಸರು ಯಾಕೆ? ನೀರನ್ನೇ ನೋಡೋಣ ಅಂತ ಕೂತೆ.

ನಮ್ಮ ಮನೆ ಚಿತ್ತಾಪುರ ತಾಲೂಕಿನಲ್ಲಿ. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಶಹಾಬಾದ್, ವಾಡಿ, ಸೇಡಂ ಕಡೆ ನೆಲದ ಕೆಳಗೆ ಇರುವುದು ಸುಣ್ಣದ ಕಲ್ಲು. ಸಿಮೆಂಟ್ ಫ್ಯಾಕ್ಟರಿಗಳು ಬಂದದ್ದು ಅದಕ್ಕೇ, ಮನೆಮನೆಗೆ ಫರಸಿ (ನೆಲಕ್ಕೆ ಹಾಸುವ ಕಲ್ಲು) ಬಂದದ್ದೂ ಅದರಿಂದಲೇ. ಬರೀ ಶುದ್ಧ ನೀರಿನಲ್ಲಿ ಈ ಕಲ್ಲು ಲೀಟರಿಗೆ 15 ಮಿಲಿಗ್ರಾಂ ಕೂಡ ಕರಗುವುದಿಲ್ಲ. ಆದರೆ ಮಳೆ ನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿನ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಆಮ್ಲವಾಗುತ್ತದೆ. ಆ ನೀರು ಕಲ್ಲನ್ನು ಕ್ಯಾಲ್ಸಿಯಂ ಬೈಕಾರ್ಬೊನೇಟ್ ಮಾಡಿ ಕರಗಿಸಿಕೊಳ್ಳುತ್ತದೆ. ಫರಸಿ ಮೇಲೆ ನಿಂಬೆರಸ ಬಿದ್ದರೆ ಬಿಳಿ ಕಲೆ ಉಳಿಯುತ್ತದೆ ಅಲ್ವಾ? ಅಲ್ಲಿಯೂ ಕಲ್ಲು ಕರಗಿರುತ್ತದೆ, ಬೇಗ ಕರಗಿರುತ್ತದೆ ಅಷ್ಟೆ.

ಮೊದಲು ಸೋಪಿನ ಪರೀಕ್ಷೆ ಮಾಡಿದೆ. ಇದನ್ನು ಯಾರು ಬೇಕಾದರೂ ಮಾಡಬಹುದು. ಒಂದೇ ಅಳತೆಯ ಬಾಟಲಿಗಳಲ್ಲಿ ಮಳೆ ನೀರು, ಬೋರ್ ನೀರು, ಕುದಿಸಿ ಆರಿಸಿ ಸೋಸಿದ ಬೋರ್ ನೀರು ತಗೊಂಡು, ಸೋಪು ಕರಗಿಸಿದ ನೀರನ್ನು ಹನಿಹನಿಯಾಗಿ ಹಾಕಿ ಕುಲುಕಬೇಕು. ಡಿಟರ್ಜೆಂಟ್ ಪುಡಿ, ಶಾಂಪೂ ಬೇಡ, ಅವು ಗಡಸು ನೀರಿನಲ್ಲೂ, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಕರಗಿರುವ ನೀರಿನಲ್ಲೂ, ನೊರೆ ಕೊಡುತ್ತವೆ. ಮಳೆ ನೀರಿನಲ್ಲಿ ಕೆಲವೇ ಹನಿಗೆ ನೊರೆ ನಿಂತಿತು. ಬೋರ್ ನೀರಿನಲ್ಲಿ ನೊರೆ ಬರುವ ಮೊದಲು ಮೊಸರಿನ ಹಾಗೆ ಬಿಳಿ ಚೂರು ತೇಲಿದವು. ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾದದ್ದು ಅದು. ಕುದಿಸಿದ ನೀರು ಇವೆರಡರ ನಡುವೆ ಇತ್ತು.

ಆ ಕುದಿಸುವುದನ್ನೇ ಹತ್ತಿರ ಕೂತು ನೋಡಬೇಕು. ನೀರು ಮರಳುತ್ತಿದ್ದಂತೆ ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟುತ್ತದೆ. ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಬೈಕಾರ್ಬೊನೇಟು ಮತ್ತೆ ಕಾರ್ಬೊನೇಟ್ ಆಗುತ್ತಿರುತ್ತದೆ. ಸಕ್ಕರೆಯಾದರೆ ಬಿಸಿ ನೀರಿನಲ್ಲಿ ಜಾಸ್ತಿ ಕರಗುತ್ತದೆ, ಇದು ಉಲ್ಟಾ. ಗೀಸರ್ ಕಾಯಿಲ್ ಮೇಲೆ ಪದರ ಕೂರುವುದೂ ಹೀಗೇ. ತಳದ ಪುಡಿಯನ್ನು ಚಮಚದಿಂದ ಕೆರೆದು ನಿಂಬೆ ಹಿಂಡಿದೆ, ಸಣ್ಣ ಗುಳ್ಳೆಗಳು ಎದ್ದವು. ನೆಲದ ಫರಸಿಯೂ ಪಾತ್ರೆಯ ಪುಡಿಯೂ ಒಂದೇ ವಸ್ತು.

ಗಡಸುತನದ ಲೆಕ್ಕ ಬೇಕೆಂದು ಲ್ಯಾಬಿನಲ್ಲಿ ಇಡಿಟಿಎ ಟೈಟ್ರೇಷನ್ ಮಾಡಿದೆ. ಇಡಿಟಿಎ ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಳ್ಳುವ ರಾಸಾಯನಿಕ, ಅದು ಎಷ್ಟು ಖರ್ಚಾಯಿತು ಅಂತ ಅಳೆಯುವುದೇ ಈ ಟೈಟ್ರೇಷನ್. 50 ಮಿಲಿ ನೀರಿಗೆ ಪಿಎಚ್ 10ರಲ್ಲಿ ಹಿಡಿದಿಡುವ ಅಮೋನಿಯಾ ಬಫರ್, ಚೂರು ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಬಣ್ಣದ ಪುಡಿ ಹಾಕಿದರೆ ವೈನ್ ಕೆಂಪು ಬಣ್ಣ. ಬ್ಯೂರೆಟ್‌ನಿಂದ 0.01 ಮೋಲಾರ್ ಇಡಿಟಿಎ ಬಿಡುತ್ತಾ ಹೋದರೆ ನೇರಳೆ ತಿರುಗುತ್ತದೆ. ಅಲ್ಲಿಂದ ಕೈ ನಿಧಾನ ಮಾಡಬೇಕು, ಒಂದೇ ಹನಿಗೆ ಪೂರ್ತಿ ನೀಲಿ ಆಗಿಬಿಡುತ್ತದೆ. ಹಿಡಿದ ಮಿಲಿಯನ್ನು 20ರಿಂದ ಗುಣಿಸಿದರೆ ಗಡಸುತನ ಲೀಟರಿಗೆ ಎಷ್ಟು ಮಿಲಿಗ್ರಾಂ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಅಂತ ಸಿಗುತ್ತದೆ. ಕುದಿಸಿದ ನೀರನ್ನು ಅಳೆಯುವಾಗ ಆವಿಯಾದಷ್ಟು ಡಿಸ್ಟಿಲ್ಡ್ ವಾಟರ್ ತುಂಬಿ, ಸೋಸಿಯೇ ತಗೊಳ್ಳಬೇಕು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ನಮ್ಮದು ಎರಡರ ನಡುವೆ ಬಂತು. ಕುದಿಸಿದ ಮೇಲೆ ಅರ್ಧಕ್ಕಿಂತ ಜಾಸ್ತಿ ಇಳಿಯಿತು. ಉಳಿದದ್ದು ಸಲ್ಫೇಟ್, ಕ್ಲೋರೈಡ್ ರೂಪದ್ದು, ಅದು ಎಷ್ಟು ಕುದಿಸಿದರೂ ಹೋಗುವುದಿಲ್ಲ.

ಬೇಳೆಯ ವಿಷಯಕ್ಕೆ ಬರೋಣ. ಬೇಳೆಯ ಕೋಶಗಳನ್ನು ಹಿಡಿದಿಡುವುದು ಪೆಕ್ಟಿನ್. ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿದರೆ ಅದು ಇನ್ನೂ ಬಿಗಿಯಾಗುತ್ತದೆ. ಈಗ ನಾವು ರಾತ್ರಿ ನೀರು ಕುದಿಸಿ ಮುಚ್ಚಿಟ್ಟು, ಬೆಳಿಗ್ಗೆ ತಳ ಕದಡದಂತೆ ಬಟ್ಟೆಯಲ್ಲಿ ಸೋಸಿ ಬೇಳೆಗೆ ಹಾಕುತ್ತೇವೆ. ಹುಣಸೆಹುಳಿ, ಟೊಮ್ಯಾಟೊ ಹಾಕುವುದು ಬೇಳೆ ಬೆಂದ ಮೇಲೆಯೇ, ಹುಳಿಯಲ್ಲೂ ಬೇಳೆ ಮೆತ್ತಗಾಗುವುದಿಲ್ಲ. ಅಡುಗೆ ಸೋಡಾ ಹಾಕಿದರೆ ಬೇಗ ಬೇಯುವುದು ನಿಜ, ಆದರೆ ಬಿ1 ವಿಟಮಿನ್ ಹಾಳಾಗುತ್ತದೆ. ನಾನಂತೂ ಹಾಕಲು ಬಿಡುವುದಿಲ್ಲ.

ಟಿಡಿಎಸ್ (ನೀರಿನಲ್ಲಿ ಕರಗಿದ ಎಲ್ಲಾ ಲವಣಗಳ ಒಟ್ಟು ಪ್ರಮಾಣ) ಮೀಟರ್ ತೋರಿಸಿ ಗಡಸುತನ ಹೇಳುವವರನ್ನು ನಂಬಬೇಡಿ. ಆ ಮೀಟರ್‌ಗೆ ಸೋಡಿಯಂ, ಕ್ಯಾಲ್ಸಿಯಂ ಭೇದ ಗೊತ್ತಾಗುವುದಿಲ್ಲ. ನೀರು ಮೆದು ಮಾಡುವ ಸಾಫ್ಟನರ್ ಯಂತ್ರ ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ, ಆಗ ನೀರು ಮೆದುವಾದರೂ ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಇನ್ನೊಂದು ಮಾತು ಯಾದಗಿರಿ ಕಡೆಯವರಿಗೆ. ಅಲ್ಲಿ ಕೆಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್, ಆರ್ಸೆನಿಕ್ ಇದೆ. ಕುದಿಸಿದರೆ ಅವು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತವೆ. ಸೋಪಿನ ಪರೀಕ್ಷೆಯಲ್ಲಿ ಕಾಣುವುದೂ ಇಲ್ಲ. ಅಂಥ ಕಡೆ ಕುಡಿಯುವ ಮೊದಲು ಜಿಲ್ಲಾ ನೀರು ಪರೀಕ್ಷಾ ಲ್ಯಾಬಿಗೆ ಸ್ಯಾಂಪಲ್ ಕೊಟ್ಟು, ಈ ಎರಡನ್ನೂ ನೋಡಿ ಅಂತ ಹೆಸರು ಹೇಳಿ ಕೇಳಿ.